ಪಟ್ಟಾಭಿಷೇಕದ ಆಚೆಗಿನ ಧೃತರಾಷ್ಟ್ರ: ಕನ್ನಡ ಭಾರತಗಳಲ್ಲಿ ಹೆತ್ತವರ ಆತ್ಮದೂಷಣೆಯ ಪ್ರಶ್ನೆ

1

ಬೆಳೆದ ಮಗ ದಾರಿ ತಪ್ಪಿದಾಗ ತಪ್ಪು ಯಾರದು ಎಂಬ ಪ್ರಶ್ನೆಯನ್ನು ಕನ್ನಡ ವಿಮರ್ಶೆ ಬಹುಮಟ್ಟಿಗೆ ಒಂದೇ ಸಮಾಸಪದದಿಂದ ಮುಗಿಸುತ್ತ ಬಂದಿದೆ. ಆ ಪದ ‘ಪುತ್ರವ್ಯಾಮೋಹ’. ಧೃತರಾಷ್ಟ್ರನ ಪಾತ್ರವನ್ನು ಕುರಿತ ತರಗತಿಯ ಟಿಪ್ಪಣಿಗಳಿಂದ ಹಿಡಿದು ಪ್ರೌಢ ಪ್ರಬಂಧಗಳವರೆಗೆ ಈ ಪದ ವಿವರಣೆಯ ವೇಷದಲ್ಲಿ ಬರುವ ತೀರ್ಪಾಗಿದೆ. ತಂದೆಗೆ ಹೊರಗಣ್ಣೂ ಇಲ್ಲ, ಒಳಗಣ್ಣೂ ಇಲ್ಲ. ಆದ್ದರಿಂದ ಮಗ ಕೆಟ್ಟ. ಆದ್ದರಿಂದ ಕುಲ ಅಳಿಯಿತು ಎಂಬ ಕಾರ್ಯಕಾರಣ ಸರಪಳಿಯನ್ನು ಅದು ಪ್ರಶ್ನೆಗೆ ಎಡೆಯಿಲ್ಲದಂತೆ ಕಟ್ಟಿಕೊಡುತ್ತದೆ. ನಮ್ಮ ಗಾದೆಗಳೂ ಇದಕ್ಕೆ ಒತ್ತಾಸೆಯಾಗಿ ನಿಲ್ಲುತ್ತವೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’, ‘ಬಿತ್ತಿದಂತೆ ಬೆಳೆ’, ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಮೂರೂ ಮಾತುಗಳು ಬೆಳೆದವರ ನಡತೆಗೆ ಬೆಳೆಸಿದವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತವೆ. ಎದುರು ಬದಿಯಲ್ಲಿ ‘ಹಣೆಬರಹಕ್ಕೆ ಹೊಣೆ ಯಾರು’ ಎಂಬ ಇನ್ನೊಂದು ಮಾತು ಇದೆ. ಅದು ಪೂರ್ತಿ ಬಿಡುಗಡೆಯನ್ನೇ ನೀಡುತ್ತದೆ. ಪೂರ್ತಿ ಅಪರಾಧ ಅಥವಾ ಪೂರ್ತಿ ಬಿಡುಗಡೆ ಎಂಬ ಈ ಎರಡು ತುದಿಗಳ ನಡುವೆ ಹೆತ್ತವರು ನಿಜವಾಗಿ ಬದುಕುವ ನೆಲೆಯೊಂದಿದೆ. ಆ ನೆಲೆಗೆ ನಮ್ಮ ಕಾವ್ಯಪರಂಪರೆ ಮಾತನ್ನು ಒದಗಿಸಿದೆಯೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಚರ್ಚೆಗೆ ಮುನ್ನ ಮೂರು ಪದಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ. ತಾನು ಮಾಡಿದ ನಿರ್ದಿಷ್ಟ ಕೆಲಸಕ್ಕೆ ಉತ್ತರ ಹೇಳಲು ಸಿದ್ಧವಾಗುವುದು ಹೊಣೆ. ಆ ಕೆಲಸ ತಪ್ಪಾಗಿತ್ತೆಂದು ಮರುಗುವುದು ಪಶ್ಚಾತ್ತಾಪ. ಇನ್ನೊಬ್ಬ ವಯಸ್ಕನ ಇಡೀ ಬದುಕನ್ನೇ ತನ್ನ ಕೆಲಸವೆಂದು ಭಾವಿಸಿ ತನ್ನನ್ನು ಶಿಕ್ಷಿಸಿಕೊಳ್ಳುವುದು ಆತ್ಮದೂಷಣೆ. ಮೊದಲಿನ ಎರಡಕ್ಕೆ ಒಂದು ಗಡಿ ಇದೆ, ಮೂರನೆಯದಕ್ಕೆ ಇಲ್ಲ. ಪುತ್ರವ್ಯಾಮೋಹವೆಂಬ ವಿಮರ್ಶೆಯ ಪದ ಈ ಮೂರನ್ನೂ ಒಂದೇ ಮೂಟೆಯಲ್ಲಿ ಕಟ್ಟಿಹಾಕಿದೆ ಎಂಬುದು ನಮ್ಮ ಮುಖ್ಯ ತಕರಾರು.

2

ಈ ಪ್ರಶ್ನೆಯನ್ನು ಹೈದರಾಬಾದಿನಲ್ಲಿ ಕುಳಿತು ಎತ್ತುವುದಕ್ಕೆ ಕಾರಣವಿದೆ. ಕನ್ನಡದ ಮೊದಲ ಭಾರತ ಈ ನೆಲಕ್ಕೆ ಸೇರಿದ್ದು. ಪಂಪನ ಆಶ್ರಯದಾತನಾದ ಇಮ್ಮಡಿ ಅರಿಕೇಸರಿ ಆಳಿದ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಹೈದರಾಬಾದಿನಿಂದ ಸುಮಾರು 150 ಕಿಲೋಮೀಟರ್ ದೂರ. ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ, ಕನ್ನಡ, ತೆಲುಗು, ಸಂಸ್ಕೃತ ಮೂರೂ ಭಾಷೆಗಳಿರುವ ಕುರ್ಕ್ಯಾಲದ ಶಾಸನ ಕರೀಂನಗರ ಜಿಲ್ಲೆಯ ಬೊಮ್ಮಲಗುಟ್ಟದ ಬಂಡೆಯ ಮೇಲಿದೆ. ಆ ಮನೆತನದ ಕಥೆಯೂ ನಮ್ಮ ವಿಷಯಕ್ಕೆ ಹೊರತಾದುದಲ್ಲ. ಪಂಪನ ತಂದೆ ಭೀಮಪಯ್ಯ ಹಿರಿಯರ ವೈದಿಕ ಮಾರ್ಗವನ್ನು ಬಿಟ್ಟು ಜೈನಧರ್ಮವನ್ನು ಸ್ವೀಕರಿಸಿದವನು. ಮಗನೊಬ್ಬ ಹೆತ್ತವರ ದಾರಿಯಿಂದ ಬೇರೆಯಾಗುವುದನ್ನು ಪಂಪ ಕುಲದ ಕಳಂಕವೆಂದು ಕಾಣುವುದಿಲ್ಲ, ಅಭಿಮಾನದಿಂದಲೇ ಹೇಳಿಕೊಳ್ಳುತ್ತಾನೆ.

941ರಲ್ಲಿ ಮುಗಿದ ಪಂಪನ ‘ವಿಕ್ರಮಾರ್ಜುನ ವಿಜಯ’ ಅರ್ಜುನನ ಪಟ್ಟಾಭಿಷೇಕದೊಂದಿಗೆ ಮುಗಿಯುತ್ತದೆ. ಚಾಲುಕ್ಯರ ಆಶ್ರಯದಲ್ಲಿದ್ದ ರನ್ನ ಪಂಪನ ಹದಿಮೂರನೆಯ ಆಶ್ವಾಸದ ವಸ್ತುವನ್ನು ಹಿಗ್ಗಿಸಿ ರಚಿಸಿದ ‘ಗದಾಯುದ್ಧ’ ಭೀಮನ ಪಟ್ಟಾಭಿಷೇಕದೊಂದಿಗೆ ಮುಗಿಯುತ್ತದೆ. ಕುಮಾರವ್ಯಾಸನ ಭಾರತ ಹತ್ತು ಪರ್ವಗಳದು; ಗದಾಪರ್ವದ ಕೊನೆಯ ಸಂಧಿಗಳಲ್ಲಿ ಹೆತ್ತವರ ಪ್ರಲಾಪ, ಉಕ್ಕಿನ ಪ್ರತಿಮೆಯ ಆಲಿಂಗನ ಮುಂತಾದುವನ್ನು ಅಡಕಗೊಳಿಸಿ ಅದು ಧರ್ಮರಾಯನ ಪಟ್ಟಾಭಿಷೇಕದೊಂದಿಗೆ ಮುಗಿಯುತ್ತದೆ. ಕನ್ನಡದ ಮೂರು ಪ್ರಧಾನ ಭಾರತಗಳೂ ಮೂವರು ಬೇರೆ ಬೇರೆ ನಾಯಕರ ತಲೆಯ ಮೇಲೆ ಕಿರೀಟವಿಟ್ಟು ಕಥೆಯನ್ನು ನಿಲ್ಲಿಸುತ್ತವೆ. ಇದಕ್ಕೆ ಆಸ್ಥಾನ, ಆಶ್ರಯದಾತನೊಡನೆ ನಾಯಕನ ತಗುಲ್ಚಿಕೆ, ಭಕ್ತಿಯ ಆಶಯ, ಮಂಗಳಾಂತ್ಯದ ಅಪೇಕ್ಷೆ ಎಂದು ಬೇರೆ ಬೇರೆ ಕಾರಣಗಳಿವೆ. ಆ ಕಾರಣಗಳನ್ನು ವಿದ್ವಾಂಸರು ವಿಪುಲವಾಗಿ ಚರ್ಚಿಸಿದ್ದಾರೆ. ಪಟ್ಟಾಭಿಷೇಕದ ಆಚೆ ಯಾವುದು ಉಳಿದುಹೋಯಿತು ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ.

ಉಳಿದುಹೋದದ್ದು ಧೃತರಾಷ್ಟ್ರನ ಕೊನೆಯ ಮಾತು.

3

ವ್ಯಾಸಭಾರತದಲ್ಲಿ ಧೃತರಾಷ್ಟ್ರ, ಗಾಂಧಾರಿಯರ ಮೇಲಿನ ದೂರು ಒಂದೇ ಬಗೆಯದಲ್ಲ. ದುರ್ಯೋಧನನ ಜನನಕಾಲದ ಅಪಶಕುನಗಳನ್ನು ಕಂಡು ವಿದುರನು ಈ ಶಿಶುವನ್ನು ತ್ಯಜಿಸೆಂದು ಹೇಳುತ್ತಾನೆ, ತಂದೆ ಒಪ್ಪುವುದಿಲ್ಲ. ಇಲ್ಲಿ ತಂದೆಯ ಮೇಲೆ ಬರುವ ಆಪಾದನೆ ಮಗನು ಇರುವುದಕ್ಕೇ ಸಂಬಂಧಿಸಿದ್ದು. ಹುಟ್ಟಿದ ಕೂಸನ್ನು ಎಸೆಯದೆ ಇದ್ದುದನ್ನು ಅಪರಾಧವೆಂದು ಯಾವ ತಂದೆಯೂ ಒಪ್ಪಲಾರ, ಓದುಗನೂ ಒಪ್ಪಬೇಕಾಗಿಲ್ಲ. ಉದ್ಯೋಗಪರ್ವದಲ್ಲಿ ಸಭೆಗೆ ಕರೆಸಲ್ಪಟ್ಟ ಗಾಂಧಾರಿ ಮಗನಿಗೆ ಬುದ್ಧಿ ಹೇಳುವುದಕ್ಕೆ ಮೊದಲು ಗಂಡನನ್ನೇ ದೂರುತ್ತಾಳೆ: ಮಗನ ದುಷ್ಟತನವನ್ನು ಬಲ್ಲವನಾಗಿಯೂ ನೀನು ಅವನ ಬುದ್ಧಿಯನ್ನೇ ಅನುಸರಿಸಿದೆ ಎಂಬುದು ಅವಳ ಮಾತಿನ ತಾತ್ಪರ್ಯ. ಇದು ಅರಸನೊಬ್ಬ ಕೈಯಾರೆ ಮಾಡಿದ ಕೆಲಸವನ್ನು ಕುರಿತ ದೂರು. ದ್ಯೂತಕ್ಕೆ ಅನುಮತಿ ಕೊಟ್ಟವನು ಅವನೇ, ತಡೆಯಬಹುದಾದ ಸ್ಥಾನದಲ್ಲಿದ್ದವನೂ ಅವನೇ. ಮೊದಲನೆಯ ದೂರಿಗೆ ಗಡಿಯಿಲ್ಲ, ಎರಡನೆಯದಕ್ಕೆ ಇದೆ.

ಮೂರನೆಯ ದೂರು ಅತ್ಯಂತ ಕಠೋರವಾದದ್ದು. ಸ್ತ್ರೀಪರ್ವದಲ್ಲಿ ನೂರು ಮಕ್ಕಳ ಶವಗಳ ನಡುವೆ ನಿಂತು ತನ್ನನ್ನು ಶಪಿಸಿದ ಗಾಂಧಾರಿಗೆ ಕೃಷ್ಣನು ಈ ನಾಶಕ್ಕೆ ನಿನ್ನ ಅಪರಾಧವೇ ಕಾರಣ, ದುರಾತ್ಮನಾದ ಮಗನನ್ನು ಮುಂದುಮಾಡಿ ಮೆಚ್ಚಿಕೊಂಡವಳು ನೀನು ಎಂಬರ್ಥದ ಉತ್ತರ ಕೊಡುತ್ತಾನೆ. ತುಂಬಿದ ಸಭೆಯಲ್ಲಿ ಮಗನನ್ನೂ ಗಂಡನನ್ನೂ ಎದುರು ಹಾಕಿಕೊಂಡು ಎಚ್ಚರಿಸಿದವಳಿಗೆ ಈ ಮಾತು ಸಲ್ಲುತ್ತದೆಯೆ ಎಂದು ಕೃತಿ ತೀರ್ಪು ಕೊಡುವುದಿಲ್ಲ. ಗಾಂಧಾರಿ ಮೌನವಾಗುತ್ತಾಳೆ. ಮಗ ಕೆಟ್ಟರೆ ತಂದೆಯ ತಪ್ಪನ್ನು ಎಣಿಸಿ ಹೇಳುವ ಲೋಕ ತಾಯಿಯ ತಪ್ಪನ್ನು ಎಣಿಸುವ ಗೋಜಿಗೇ ಹೋಗುವುದಿಲ್ಲ, ಹೆತ್ತದ್ದೇ ಸಾಕು ಎನ್ನುತ್ತದೆ. ಈ ತಾರತಮ್ಯವನ್ನು ವ್ಯಾಸಭಾರತ ಮುಚ್ಚಿಡದೆ ತೋರಿಸಿದೆ.

ಇಷ್ಟರವರೆಗಿನದು ಹೆಚ್ಚುಕಡಮೆ ಎಲ್ಲ ಭಾರತಗಳ ಓದುಗರಿಗೂ ಪರಿಚಿತ. ಪರಿಚಿತವಲ್ಲದ್ದು ಆಶ್ರಮವಾಸಿಕಪರ್ವದ ಸನ್ನಿವೇಶ. ಯುದ್ಧ ಮುಗಿದು ಹದಿನೈದು ವರ್ಷ ಪಾಂಡವರ ಆಶ್ರಯದಲ್ಲಿದ್ದ ಧೃತರಾಷ್ಟ್ರ ಕಾಡಿಗೆ ಹೊರಡುವ ಮುನ್ನ ಪುರಜನರನ್ನೂ ನಾಡವರನ್ನೂ ಕರೆಸಿ ಅವರ ಮುಂದೆ ಕೈಮುಗಿದು ನಿಲ್ಲುತ್ತಾನೆ. ಆಗ ಅವನಾಡುವ ಮಾತಿನ ರಚನೆಯನ್ನು ಗಮನಿಸಬೇಕು. ಅರಸರ ಮಹಾಸಂಹಾರಕ್ಕೆ ಅವನು ಎರಡು ಕಾರಣಗಳನ್ನು ಬೇರೆ ಬೇರೆಯಾಗಿ ಹೇಳುತ್ತಾನೆ: ಮಗನ ಅಪರಾಧ ಮತ್ತು ಅಹಂಕಾರ ಒಂದು, ತಾನು ಮಾಡಿದ ಅನಯ ಇನ್ನೊಂದು. ಮಗನ ಲೆಕ್ಕವನ್ನು ತನ್ನ ಲೆಕ್ಕದಲ್ಲಿ ಕರಗಿಸುವುದಿಲ್ಲ; ತನ್ನ ಲೆಕ್ಕವನ್ನು ಮಗನ ಹೆಸರಿಗೆ ಬರೆಯುವುದೂ ಇಲ್ಲ. ಬದುಕೆಲ್ಲ ಮಗನಿಂದ ತನ್ನನ್ನು ಬೇರ್ಪಡಿಸಿಕೊಳ್ಳಲಾರದೆ ಹೋದವನು ಕ್ಷಮೆ ಕೇಳುವ ಗಳಿಗೆಯಲ್ಲಿ ಮೊದಲ ಬಾರಿಗೆ ಬೇರ್ಪಡಿಸಿಕೊಳ್ಳುತ್ತಾನೆ. ಅಷ್ಟು ಮಾಡಿಯೂ ಮಗನನ್ನು ಅವನು ಕೈಬಿಡುವುದಿಲ್ಲ. ಮಂದಬುದ್ಧಿಯವನಾದರೂ ದುರ್ಯೋಧನ ನಿಮಗೆ, ಪ್ರಜೆಗಳಿಗೆ, ಕೇಡು ಮಾಡಲಿಲ್ಲವಷ್ಟೆ ಎಂದು ನೆನಪಿಸುತ್ತಾನೆ.

ಜನ ಅಳುತ್ತಾರೆ. ಅವರ ಪರವಾಗಿ ಸಾಂಬನೆಂಬ ಬ್ರಾಹ್ಮಣ ಉತ್ತರ ಹೇಳುತ್ತಾನೆ. ಆ ಉತ್ತರದಲ್ಲಿ ಎರಡು ಭಾಗಗಳಿವೆ. ಕುರುಕುಲದ ನಾಶ ದುರ್ಯೋಧನನಿಂದಾದದ್ದಲ್ಲ, ನಿನ್ನಿಂದಾದದ್ದೂ ಅಲ್ಲ, ಕರ್ಣ ಶಕುನಿಗಳಿಂದಾದದ್ದೂ ಅಲ್ಲ, ಅದು ದೈವಕೃತ ಎಂಬುದು ಒಂದು. ಇದನ್ನಷ್ಟೇ ತೆಗೆದುಕೊಂಡರೆ ‘ಹಣೆಬರಹಕ್ಕೆ ಹೊಣೆ ಯಾರು’ ಎಂಬ ಗಾದೆಯ ವಿಸ್ತಾರವಾದೀತು. ನಮಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಭಾಗ. ದುರ್ಯೋಧನ ನಮ್ಮನ್ನು ಚೆನ್ನಾಗಿಯೇ ಆಳಿದ, ತಂದೆಯನ್ನು ನಂಬುವಂತೆ ಅವನನ್ನು ನಂಬಿ ಬಾಳಿದೆವು ಎಂದು ಜನ ಸಾಕ್ಷಿ ನುಡಿಯುತ್ತಾರೆ. ದೋಷವಿಲ್ಲವೆಂದು ಹೇಳುವುದಕ್ಕಿಂತ ಇದು ದೊಡ್ಡ ಕೊಡುಗೆ. ಆತ್ಮದೂಷಣೆ ಮಗನನ್ನು ಹೆತ್ತವರ ತಪ್ಪಿನ ಫಲವನ್ನಾಗಿಸಿ ಕುಗ್ಗಿಸಿಬಿಡುತ್ತದೆ. ಅವನಿಗೆ ತನ್ನದೆಂಬ ಗುಣವಾಗಲಿ ದೋಷವಾಗಲಿ ಉಳಿಯುವುದಿಲ್ಲ. ಜನರ ಸಾಕ್ಷ್ಯ ಆ ಮಗನನ್ನು ಒಬ್ಬ ಮನುಷ್ಯನಾಗಿ ತಂದೆಗೆ ಮರಳಿ ಕೊಡುತ್ತದೆ.

ವ್ಯಾಸ ಇದನ್ನು ಸುಲಭದ ಸಮಾಧಾನವಾಗಿಸಿಲ್ಲ. ಇದರ ಬೆನ್ನಿಗೇ ಮಕ್ಕಳ ಶ್ರಾದ್ಧಕ್ಕೆಂದು ಮುದುಕ ಹಣ ಕೇಳಿಸಿದಾಗ ಭೀಮ ತಡೆಯೊಡ್ಡುತ್ತಾನೆ. ಊರು ಕ್ಷಮಿಸಿದ ಮೇಲೂ ನೊಂದವನು ಕ್ಷಮಿಸಬೇಕೆಂಬ ಕಟ್ಟಳೆಯಿಲ್ಲ. ಹೊಣೆಯೆಂಬುದು ಕಣ್ಣೀರಿನಿಂದ ತೀರುವ ಸಾಲವಲ್ಲ ಎಂಬ ಎಚ್ಚರ ಅಲ್ಲಿ ಉಳಿದಿದೆ.

4

ಈ ಸನ್ನಿವೇಶ ಕನ್ನಡದಲ್ಲಿ ಇಲ್ಲವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಕುಮಾರವ್ಯಾಸ ಬಿಟ್ಟ ಪರ್ವಗಳನ್ನು ಪೂರೈಸಿದ್ದಾನೆ. 1950ರಲ್ಲಿ ಪ್ರಕಟವಾದ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಇಡೀ ಕಥೆಯನ್ನು ತಿಳಿಗನ್ನಡದಲ್ಲಿ ಸಂಗ್ರಹಿಸಿದೆ. ಆದರೆ ಗಮಕದಲ್ಲಿ, ತಾಳಮದ್ದಳೆಯಲ್ಲಿ, ತರಗತಿಯಲ್ಲಿ, ಮನೆಮಾತಿನಲ್ಲಿ ಜೀವಂತವಾಗಿರುವ ಧೃತರಾಷ್ಟ್ರ ಪಟ್ಟಾಭಿಷೇಕಕ್ಕೆ ಮುಂಚಿನವನು. ‘ಧೃತರಾಷ್ಟ್ರಾಲಿಂಗನ’ ಎಂಬ ನುಡಿ ನಮ್ಮ ಭಾಷೆಯಲ್ಲಿ ನೆಲೆಸಿದೆ. ಧೃತರಾಷ್ಟ್ರನ ಕೈಮುಗಿತಕ್ಕೆ ಸಮನಾದ ನುಡಿ ನೆಲೆಸಿಲ್ಲ. ಉಕ್ಕಿನ ಪ್ರತಿಮೆಯನ್ನು ಪುಡಿಮಾಡಿದ ತೋಳುಗಳನ್ನು ನಾವು ನೆನಪಿಟ್ಟುಕೊಂಡೆವು, ಜನರ ಮುಂದೆ ಜೋಡಿಸಿದ ಕೈಗಳನ್ನು ಮರೆತೆವು.

ರನ್ನ ಈ ಕೊರತೆಯನ್ನು ಇನ್ನೊಂದು ದಾರಿಯಿಂದ ತುಂಬಿದನೆಂದು ನಮಗೆ ತೋರುತ್ತದೆ. ಗದಾಯುದ್ಧದಲ್ಲಿ ಧೃತರಾಷ್ಟ್ರ ಗಾಂಧಾರಿಯರು ರಣಭೂಮಿಯಲ್ಲಿ ಮಗನನ್ನು ಕಂಡು ಈಗಲಾದರೂ ಸಂಧಿ ಮಾಡಿಕೊಳ್ಳೆಂದು ಬೇಡುತ್ತಾರೆ. ಮಗ ಹೆತ್ತವರಿಗೆ ವಿನಯ ತೋರುತ್ತಲೇ ಮಾತನ್ನು ನಿರಾಕರಿಸುತ್ತಾನೆ. ಕರ್ಣನನ್ನೂ ದುಶ್ಶಾಸನನನ್ನೂ ಕಳೆದುಕೊಂಡ ಮೇಲೆ ನೆಲದ ಆಸೆ ಅವನಿಗಿಲ್ಲ, ಉಳಿದಿರುವುದು ಛಲ. ಅದು ತಂದೆ ಕಲಿಸಿದ್ದಲ್ಲ, ತಾಯಿ ತುಂಬಿದ್ದಲ್ಲ, ಅವನದೇ ಆದ ಆಯ್ಕೆ. ರನ್ನನ ದುರ್ಯೋಧನ ದೊಡ್ಡವನಾಗಿ ಕಾಣುವುದಕ್ಕೆ ಅವನ ಶೌರ್ಯಕ್ಕಿಂತ ಇದೇ ಮುಖ್ಯ ಕಾರಣ. ಅವನು ತನ್ನ ಕೇಡನ್ನು ಯಾರ ಮೇಲೂ ಹೊರಿಸದೆ ತಾನೇ ಹೊರುತ್ತಾನೆ. ಹಾಗೆ ಹೊರುವ ಮಗನ ಮುಂದೆ ಹೆತ್ತವರಿಗೆ ಉಳಿಯುವುದು ದುಃಖ. ಅಪರಾಧಪ್ರಜ್ಞೆ ಅಲ್ಲಿ ಹಿಂದೆ ಸರಿಯುತ್ತದೆ. ಈ ಸನ್ನಿವೇಶವನ್ನು ಪುತ್ರವ್ಯಾಮೋಹದ ಇನ್ನೊಂದು ನಿದರ್ಶನವೆಂದು ಓದುವುದು ಕವಿಗೆ ಮಾಡುವ ಅನ್ಯಾಯ.

ಪಟ್ಟಾಭಿಷೇಕದ ಆಚೆಯ ಕಥೆಗಳಲ್ಲಿ ಕನ್ನಡಿಗರು ಅಪಾರವಾಗಿ ಪ್ರೀತಿಸಿದ್ದು ಲಕ್ಷ್ಮೀಶನ ‘ಜೈಮಿನಿ ಭಾರತ’. ಅಲ್ಲಿ ಚಂಪಕಾಪುರಿಯ ಹಂಸಧ್ವಜ ಯುದ್ಧಕ್ಕೆ ತಡವಾಗಿ ಬಂದ ಮಗ ಸುಧನ್ವನನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನೆ. ಮಗ ಕೆಟ್ಟವನಲ್ಲ, ತಪ್ಪೂ ದೊಡ್ಡದಲ್ಲ. ತಂದೆಗೆ ಮಾತ್ರ ಕಟ್ಟಾಜ್ಞೆಯೇ ಧರ್ಮ. ಹೀಗೆ ಕನ್ನಡ ಓದುಗನ ಮುಂದೆ ಎರಡು ಮಾದರಿಗಳು ನಿಂತವು. ಒಬ್ಬ ತಂದೆ ಮಗನನ್ನು ದಂಡಿಸಲಾರದವನು, ಇನ್ನೊಬ್ಬ ದಂಡಿಸದೆ ಇರಲಾರದವನು. ಮಗ ಕೆಟ್ಟ ಮನೆಯಲ್ಲಿ ‘ಕಟ್ಟುನಿಟ್ಟು ಸಾಲದಾಯಿತೆ’, ‘ಅತಿಯಾಯಿತೆ’ ಎಂದು ಹೆತ್ತವರು ರಾತ್ರಿಯೆಲ್ಲ ತೂಗುವ ತಕ್ಕಡಿಯ ಎರಡು ತಟ್ಟೆಗಳು ಇವೇ. ಆ ತಕ್ಕಡಿಯನ್ನು ಕೆಳಗಿಡಿಸಬಲ್ಲ ಮೂರನೆಯ ಮಾದರಿ, ಸಭೆಯ ಮುಂದೆ ಕೈಮುಗಿದ ಮುದುಕ, ನಮ್ಮ ಜನಪ್ರಿಯ ಕಾವ್ಯಗಳ ಅಂಚಿನಾಚೆ ಉಳಿದ.

5

ಆಧುನಿಕ ಕಾದಂಬರಿಗೆ ಬಂದಾಗ ಸಭೆಯೇ ಇಲ್ಲವಾಗಿದೆ. 1940ರ ದಶಕದ ಆರಂಭದಲ್ಲಿ ಬಂದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕೋಡಿಯ ರಾಮ ಐತಾಳರು ನೆರೆಯ ಶೀನಮಯ್ಯನ ಮನೆಯೊಡನೆ ಮೇಲಾಟದಲ್ಲಿದ್ದವರು; ಮಗ ಲಚ್ಚನಿಗೆ ಇಂಗ್ಲಿಷ್ ಓದಿಸುತ್ತಾರೆ. ಲಚ್ಚ ಜೂಜು ಮತ್ತು ಹೆಣ್ಣಿನ ಚಟಗಳಿಗೆ ಬಿದ್ದು ಹೆಂಡತಿ ನಾಗವೇಣಿಯ ಬಾಳನ್ನೂ ಕೆಡಿಸುತ್ತಾನೆ. ತಂದೆ ಆಸ್ತಿಯನ್ನು ಮಗನಿಗೆ ಬಿಡದೆ ಸೊಸೆಯ ಹೆಸರಿಗೆ ಮಾಡುತ್ತಾರೆ. ಮಗ ಅದನ್ನೂ ವಂಚಿಸಿ ಕಳೆಯುತ್ತಾನೆ. ಇದನ್ನು ಇಂಗ್ಲಿಷ್ ವಿದ್ಯಾಭ್ಯಾಸದ ದುಷ್ಫಲವೆಂದೋ ತಂದೆಯ ಪ್ರತಿಷ್ಠೆಯ ಫಲವೆಂದೋ ಓದುವುದು ವಾಡಿಕೆ. ಕಾದಂಬರಿಯೇ ಈ ಓದನ್ನು ಅಲುಗಿಸುತ್ತದೆ. ಅದೇ ಮನೆಯ, ಅದೇ ರಕ್ತದ ಮೊಮ್ಮಗ ರಾಮನೂ ಇಂಗ್ಲಿಷ್ ಓದುತ್ತಾನೆ, ಪಟ್ಟಣಗಳಲ್ಲಿ ಅಲೆಯುತ್ತಾನೆ, ಬಡತನವನ್ನೂ ಉಣ್ಣುತ್ತಾನೆ. ಆದರೂ ಅವನು ಲಚ್ಚನಾಗುವುದಿಲ್ಲ. ‘ಬಿತ್ತಿದಂತೆ ಬೆಳೆ’ ಎಂಬುದು ಹೊಲಕ್ಕೆ ನಿಜ, ಮನೆಗೆ ಅರ್ಧ ನಿಜ ಎಂದು ಮಣ್ಣನ್ನು ಬಲ್ಲ ಲೇಖಕ ಎರಡು ತಲೆಮಾರುಗಳನ್ನು ಅಕ್ಕಪಕ್ಕ ಇಟ್ಟು ಕಾಣಿಸಿದ್ದಾರೆ. ಐತಾಳರ ನಿರ್ಧಾರವನ್ನೂ ಈ ಬೆಳಕಿನಲ್ಲಿ ನೋಡಬೇಕು. ಮಗನ ಬದುಕನ್ನು ತಿದ್ದಲಾರದ ತಂದೆ ತನ್ನ ಕೈಯಲ್ಲಿ ಉಳಿದಿದ್ದ ಒಂದು ಕೆಲಸವನ್ನು, ಸೊಸೆಗೆ ನೆಲೆ ಮಾಡಿಕೊಡುವುದನ್ನು, ಮಾಡಿದರು. ಅದು ಫಲಿಸಲಿಲ್ಲ; ಆದರೂ ಅದು ಹೊಣೆಯ ನಡೆ.

ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಇದರ ಮಗ್ಗುಲು ಬದಲಿಸುತ್ತದೆ. ಗಂಗಮ್ಮ ಸೋಮಾರಿ ಮಕ್ಕಳಾದ ಚೆನ್ನಿಗರಾಯ, ಅಪ್ಪಣ್ಣಯ್ಯರ ವಿಷಯದಲ್ಲಿ ತನ್ನನ್ನು ಎಂದೂ ದೂಷಿಸಿಕೊಳ್ಳುವುದಿಲ್ಲ. ದೂರೆಲ್ಲ ಸೊಸೆ ನಂಜಮ್ಮನ ಪಾಲಿಗೆ. ಗಂಗಮ್ಮನನ್ನು ಕಂಡವರು ಆತ್ಮದೂಷಣೆಯೇ ಮೇಲೆಂದು ಭಾವಿಸಬಹುದು. ವಾಸ್ತವವಾಗಿ ಇವೆರಡೂ ಒಂದೇ ನಾಣ್ಯದ ಮುಖಗಳು. ಮಕ್ಕಳು ತಮ್ಮ ಬಾಳಿಗೆ ತಾವೇ ಉತ್ತರ ಹೇಳಬೇಕಾದ ವಯಸ್ಕರು ಎಂಬುದನ್ನು ಎರಡೂ ಒಪ್ಪುವುದಿಲ್ಲ. ಒಂದು ಕಡೆ ತಾಯಿ ಆ ಭಾರವನ್ನು ತಾನು ಹೊರುತ್ತಾಳೆ, ಇನ್ನೊಂದು ಕಡೆ ಬೇರೊಬ್ಬಳ ಮೇಲೆ ಹೇರುತ್ತಾಳೆ; ಮಗನ ಹೆಗಲು ಮಾತ್ರ ಎರಡು ಕಡೆಯೂ ಖಾಲಿ.

6

ಈ ಸಾಹಿತ್ಯಚರ್ಚೆ ಮನೆಯೊಳಗಿನ ಬದುಕಿಗೆ ದೂರದ್ದೆಂದು ತಿಳಿಯಬೇಕಾಗಿಲ್ಲ. ದೋಷವನ್ನು ಹೆತ್ತವರಲ್ಲೇ ಹುಡುಕುವ ಚಟ ಇಪ್ಪತ್ತನೆಯ ಶತಮಾನದ ಮನೋವಿಜ್ಞಾನಕ್ಕೂ ಅಂಟಿತ್ತು. ಮನೋವಿಶ್ಲೇಷಕಿ ಫ್ರೀಡಾ ಫ್ರಾಮ್-ರೈಖ್‌ಮನ್ 1948ರಲ್ಲಿ ಸ್ಕಿಜೋಫ್ರೇನಿಯಾಕ್ಕೆ ಕಾರಣಳಾಗುವ ತಾಯಿ ಎಂಬ ಕಲ್ಪನೆಗೆ ಹೆಸರು ಕೊಟ್ಟರು. ಬ್ರೂನೊ ಬೆಟಲ್‌ಹೈಮ್ 1967ರ ತಮ್ಮ ಗ್ರಂಥದಲ್ಲಿ ಆಟಿಸಂಗೆ ತಾಯಂದಿರ ಮಮತೆಯ ಶೈತ್ಯವನ್ನು ಕಾರಣವಾಗಿ ಹೇಳಿದರು. ಒಂದೆರಡು ತಲೆಮಾರಿನ ತಾಯಂದಿರು ವೈದ್ಯರ ಎದುರು ಗಾಂಧಾರಿಯಂತೆ ಮೌನವಾಗಿ ಕೂತರು. ಮುಂದಿನ ಸಂಶೋಧನೆ ಈ ಎರಡೂ ವಾದಗಳನ್ನು ಕೈಬಿಟ್ಟಿತು. ಕಳೆದ ವರ್ಷಗಳನ್ನು ಆ ತಾಯಂದಿರಿಗೆ ಯಾರೂ ಹಿಂದಿರುಗಿಸಲಿಲ್ಲ. ಇದೇ ಅವಧಿಯಲ್ಲಿ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಜೊತೆಗೆ ಮನೆಯವರನ್ನೂ ಇರಿಸಿಕೊಂಡರು. ಮನೆಯವರು ಅಲ್ಲಿ ಆರೋಪಿಗಳಾಗಿರಲಿಲ್ಲ, ಚಿಕಿತ್ಸೆಯ ಪಾಲುದಾರರಾಗಿದ್ದರು. ತಮ್ಮಂಥದೇ ಕಷ್ಟದಲ್ಲಿರುವ ಇತರ ಮನೆಗಳನ್ನು ಅವರು ಕಂಡರು, ಮಾತಾಡಿದರು. ಧೃತರಾಷ್ಟ್ರನಿಗೆ ದೊರೆತ ಸಭೆಯ ಒಂದು ಪುಟ್ಟ ರೂಪವೆಂದು ಆ ಡೇರೆಗಳನ್ನು ಕರೆದರೆ ಅತಿಶಯೋಕ್ತಿಯಾಗದು.

7

ಕರ್ನಾಟಕದ ಹೊರಗಿರುವ ಸಂಶೋಧಕರಿಗೆ ಈ ವಿಷಯದಲ್ಲಿ ಒಂದು ವಿಶೇಷ ಅನುಕೂಲವಿದೆ. ತೆಲುಗಿನಲ್ಲಿ ನನ್ನಯ ಆರಂಭಿಸಿದ ಭಾರತದ ವಿರಾಟಪರ್ವದಿಂದ ಮುಂದಿನ ಹದಿನೈದು ಪರ್ವಗಳನ್ನೂ ಹದಿಮೂರನೆಯ ಶತಮಾನದ ತಿಕ್ಕನ ರಚಿಸಿದ. ಆಶ್ರಮವಾಸಪರ್ವ ಅವನ ಕೃತಿಯ ಸಹಜ ಅಂಗ. ಎಂದರೆ ಧೃತರಾಷ್ಟ್ರನ ಕೊನೆಯ ಮಾತು ತೆಲುಗಿನಲ್ಲಿ ಪ್ರಧಾನ ಕಾವ್ಯದ ಒಳಗಿದೆ, ಕನ್ನಡದಲ್ಲಿ ಅನುಬಂಧದ ಕಾವ್ಯದಲ್ಲಿದೆ. ಇದರಿಂದ ತೆಲುಗು ಮನೆಗಳು ಕನ್ನಡ ಮನೆಗಳಿಗಿಂತ ಹೆತ್ತವರನ್ನು ಹೆಚ್ಚು ಕ್ಷಮಿಸುತ್ತವೆಂದು ತೀರ್ಮಾನಿಸುವುದು ಆತುರವಾದೀತು. ತೆಲುಗರ ನಾಲಗೆಯ ಮೇಲೆ ನಲಿಯುವುದೂ ತಿರುಪತಿ ವೆಂಕಟ ಕವಿಗಳ ನಾಟಕಪದ್ಯಗಳಿಂದ ಮನೆಮಾತಾದ ಕೃಷ್ಣರಾಯಭಾರವೇ ಹೊರತು ಮುದುಕನ ಕ್ಷಮಾಯಾಚನೆಯಲ್ಲ. ಕಾವ್ಯದಲ್ಲಿ ಇರುವುದು ಬೇರೆ, ಜನರ ನೆನಪಿನಲ್ಲಿ ಇರುವುದು ಬೇರೆ. ಆದರೂ ತಿಕ್ಕನ, ತಿಮ್ಮಣ್ಣರ ಆಶ್ರಮವಾಸಪರ್ವಗಳನ್ನು ಎದುರುಬದುರಾಗಿಟ್ಟು ಓದುವ ಕೆಲಸ ನಡೆಯಬೇಕು. ತಂದೆಯ ಅನಯ, ಮಗನ ಅಪರಾಧ ಎಂಬ ಎರಡು ಲೆಕ್ಕಗಳನ್ನು ಇಬ್ಬರು ಕವಿಗಳೂ ಬೇರೆಯಾಗಿ ಉಳಿಸಿಕೊಂಡರೆ, ಕಲಸಿದರೆ, ಜನರ ಸಾಕ್ಷ್ಯಕ್ಕೆ ಎಷ್ಟು ಎಡೆ ಕೊಟ್ಟರು ಎಂಬುದು ಸ್ಪಷ್ಟವಾಗಬೇಕು. 1956ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳನ್ನು ತೆಲುಗು ನಾಡಿನೊಡನೆ ಒಂದೇ ಆಡಳಿತದಲ್ಲಿ ಹಿಡಿದಿದ್ದ ಈ ನಗರದಲ್ಲಿ ಎರಡೂ ಭಾಷೆಗಳನ್ನು ಬಲ್ಲ ಓದುಗರು ಸಿಕ್ಕುವುದು ಕಷ್ಟವಲ್ಲ.

ಆ ಕೆಲಸ ಆಗುವವರೆಗೆ ಪುತ್ರವ್ಯಾಮೋಹವೆಂಬ ಪದವನ್ನು ವಿಮರ್ಶೆ ಎಚ್ಚರದಿಂದ ಬಳಸುವುದು ಒಳಿತು. ಧೃತರಾಷ್ಟ್ರ ದ್ಯೂತಕ್ಕೆ ಒಪ್ಪಿದ್ದು ತಪ್ಪು. ಅದನ್ನು ತಪ್ಪೆಂದೇ ಹೇಳಬೇಕು. ಅವನು ಮಗನನ್ನು ಪ್ರೀತಿಸಿದ್ದು ತಪ್ಪಲ್ಲ. ಹುಟ್ಟಿದಂದೇ ತ್ಯಜಿಸದೆ ಇದ್ದುದಂತೂ ತಪ್ಪಲ್ಲ. ಇವುಗಳನ್ನು ಬೇರ್ಪಡಿಸದ ವಿಮರ್ಶೆ ಕಾವ್ಯದ ಅರ್ಥವನ್ನು ಕುಗ್ಗಿಸುವುದಷ್ಟೇ ಅಲ್ಲ, ಆ ಕಾವ್ಯವನ್ನು ಓದುತ್ತಿರುವ ಯಾವುದೋ ಮನೆಯ ತಂದೆತಾಯಿಯರ ತಲೆಯ ಮೇಲೆ ಇನ್ನೊಂದು ಕಲ್ಲನ್ನು ಇಡುತ್ತದೆ. ಪುರಜನರ ಉತ್ತರ ವ್ಯಾಸಭಾರತದಲ್ಲಿ ಸಿದ್ಧವಾಗಿಯೇ ಇದೆ. ಅದನ್ನು ನಮ್ಮ ಪಾಠಗಳೊಳಕ್ಕೂ ವಿಮರ್ಶೆಯೊಳಕ್ಕೂ ತಂದುಕೊಳ್ಳುವುದು ಬಾಕಿ ಉಳಿದಿದೆ.